ಎಡಗೈಯ ಸುರುಳಿ

ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರು ಆ ಊರಿನಲ್ಲಿ ಹಣ ಹೊಂದಿಸುವುದಕ್ಕೆ ಮೊದಲು ತಂತಿಯಕ್ಕನನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವಳು ಬಂದು ಬಿಚ್ಚಿ ನೋಡಿ ‘ಸರಿ ಇದೆ’ ಎಂದರೆ ವ್ಯಾಪಾರ ಕುದುರಿದಂತೆ. ‘ನನಗ್ಯಾಕೋ ಸಮಾಧಾನ ಇಲ್ಲ’ ಎಂದರೆ ಎಷ್ಟೇ ಫಳಫಳ ಹೊಳೆಯುವ ವಾದ್ಯವಾದರೂ ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಅರವತ್ತಕ್ಕೆ ಎರಡು ವರ್ಷ ಕಡಿಮೆ ವಯಸ್ಸು, ಗಿಡ್ಡ ಆಳು, ದಾರ ಕಟ್ಟಿದ ಕನ್ನಡಕ ಸದಾ ಕತ್ತಿನಲ್ಲಿ ತೂಗಾಡುತ್ತಿತ್ತು. ಗಿಟಾರಿನಲ್ಲಿ ಒಂದೇ ಒಂದು ಸ್ವರ ನುಡಿಸಲೂ ಅವಳಿಗೆ ಬರುತ್ತಿರಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, ‘ಡಾಕ್ಟರಿಗೆ ಹೆರಿಗೆ ಮಾಡಿಸೋಕೆ ಗೊತ್ತಿದ್ರೆ ಸಾಕು, ಸ್ವಂತ ಹೆರಬೇಕಾಗಿಲ್ಲ’ ಎಂದು ನಗುತ್ತಿದ್ದಳು.

ನೋಡುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಮೊದಲು ಪೆಟ್ಟಿಗೆಯ ಮುಚ್ಚಳ ತೆರೆದು ಮೂಗು ಹಾಕಿ ವಾಸನೆ ಹಿಡಿಯುವಳು. ಹಳೆಯ ಮೆರುಗೆಣ್ಣೆಗೆ ಒಂದು ಸಿಹಿಯಾದ ಮುಗ್ಗುಲು ವಾಸನೆ ಇರುತ್ತದೆ, ಅದನ್ನು ಹೊಸದಾಗಿ ಬಳಿಯಲು ಬರುವುದಿಲ್ಲ. ಆಮೇಲೆ ತಂತಿಗಳನ್ನು ಸಡಿಲಿಸಿ, ಟವೆಲ್ ಹಾಸಿ, ವಾದ್ಯವನ್ನು ಮಗುವಿನಂತೆ ಅಂಗಾತ ಮಲಗಿಸುವಳು. ಮೇಲಿನ ತಗಡು ತೆಗೆದರೆ ಸದ್ದು ಏರಿಳಿಸುವ ಗುಂಡಿಗಳ ಕೆಳಗೆ ಪುಟ್ಟ ಡಬ್ಬಿಗಳಿರುತ್ತವೆ, ಅವುಗಳ ಬೆನ್ನಿಗೆ ಒತ್ತಿದ ಅಂಕಿಗಳಲ್ಲಿ ಅವು ತಯಾರಾದ ವರ್ಷವೂ ವಾರವೂ ಅಡಗಿರುತ್ತವೆ. ಒಬ್ಬ ಮಾರಾಟಗಾರನಿಗೆ ಅವಳು ಇದನ್ನೇ ತೋರಿಸಿ, ‘ಗಿಟಾರು ಹುಟ್ಟಿದ ಏಳು ವರ್ಷಕ್ಕೆ ಅದರ ಹೊಟ್ಟೆಯೊಳಗಿನ ಕರುಳು ಹುಟ್ಟಿದೆ. ಅಲ್ಲೀವರೆಗೆ ಇದು ಗಾಳಿ ಕುಡ್ಕೊಂಡಿತ್ತಾ ಸ್ವಾಮಿ?’ ಎಂದು ಕೇಳಿದ್ದಳಂತೆ. ಬೆಸುಗೆಗಳನ್ನು ನೋಡುವಳು: ಹಳೆಯದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಹೊಸದು ಮಿಂಚುತ್ತದೆ. ನಾಲ್ಕು ಸ್ಕ್ರೂ ಕಳಚಿ ಕುತ್ತಿಗೆ ಎತ್ತಿ ಅದರ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು ಓದುವಳು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೇರಳೆ ದೀಪ ಹಿಡಿದರೆ ಹಳೆಯ ಮೆರುಗು ಹಸಿರು ಹಳದಿಯಾಗಿ ಬೆಳಗುತ್ತದೆ, ಈಚೆಗೆ ತೇಪೆ ಹಾಕಿದ ಜಾಗ ಕಪ್ಪಗೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಕೊನೆಗೆ ಅವಳ ಸ್ವಂತ ವಿದ್ಯೆಯಾದ ಪಿಕಪ್ಪುಗಳು. ತಂತಿಗಳ ಅಡಿಯಲ್ಲಿ ಕೂತು ಅವುಗಳ ನಡುಕವನ್ನು ಸದ್ದಾಗಿಸಲು ಹಿಡಿದುಕೊಡುವ, ಬೆರಳುದ್ದದ ತುಂಡುಗಳು ಅವು. ಒಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಎಂಟು ಸಾವಿರ ಸುತ್ತು.

ತಾಮ್ರದ ಆ ತಂತಿಯೇ ಅವಳಿಗೆ ಅನ್ನ ಕೊಟ್ಟಿದ್ದು, ಹೆಸರನ್ನೂ ಕೊಟ್ಟಿದ್ದು. ಹದಿನೆಂಟಕ್ಕೆ ರೇಡಿಯೋ ಕಾರ್ಖಾನೆ ಸೇರಿ ಅಲ್ಲಿ ಸುರುಳಿ ಸುತ್ತುವ ಕೆಲಸಕ್ಕೆ ಕೂತಳು. ಅವಳು ಎಡಚಿ. ಉಳಿದ ಮೂವತ್ತು ಹೆಂಗಸರು ಬಲಗೈಯಲ್ಲಿ ತಂತಿ ನಡೆಸಿದರೆ ಇವಳೊಬ್ಬಳದು ತಿರುವುಮುರುವು. ಮೊದಲ ವಾರ ಬೈದ ಮೇಸ್ತ್ರಿ ಎರಡನೆಯ ವಾರ ಅವಳ ಯಂತ್ರವನ್ನೇ ತಿರುಗಿಸಿ ಕೂರಿಸಿದ. ಅಷ್ಟು ಚೊಕ್ಕ ಕೆಲಸ. ಬಿಡಿಭಾಗ ಕೊಳ್ಳಲು ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದ ವಾದ್ಯ ರಿಪೇರಿಯವನೊಬ್ಬ ಅವಳ ಕೈಚಳಕ ನೋಡಿ, ಆಮೇಲೆ ಅವಳನ್ನೂ ನೋಡಿ, ಮದುವೆಯಾದ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಳುತ್ತ ಬಂದ ಗಿರಾಕಿಯೂ ನಗುತ್ತ ಹೋಗುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಅವಳು ಗಂಡನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಪರದೆಯ ಆಚೆ, ಸುಟ್ಟುಹೋದ ಪಿಕಪ್ಪುಗಳಿಗೆ ಹೊಸ ತಂತಿ ಸುತ್ತತೊಡಗಿದಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಈಗ ಅಂಗಡಿಯ ಮುಂಭಾಗ ನೋಡಿಕೊಳ್ಳುತ್ತಿದ್ದವನು ಮೈದುನ. ಅಣ್ಣನ ದೊಡ್ಡ ಫೋಟೋದ ಕೆಳಗೇ ಕೂತು ವ್ಯಾಪಾರ ಮಾಡುವವನು, ಅತ್ತಿಗೆ ಎಂದರೆ ಮರ್ಯಾದೆ.

ಆ ಬೇಸಿಗೆಯಲ್ಲಿ ಒಂದು ದಿನ ಹಲ್ಲಿನ ಡಾಕ್ಟರು ಫೋನು ಮಾಡಿದರು. ನಾಲ್ಕು ವರ್ಷದ ಹಿಂದೆ ಇವಳ ಮಾತಿನ ಮೇಲೆ ಒಂದು ಗಿಟಾರ್ ಕೊಂಡವರು.

‘ಅಕ್ಕ, ಇನ್ನೊಂದು ಸಿಕ್ಕಿದೆ. ಹಡಗಿನ ಬ್ಯಾಂಡಿನಲ್ಲಿ ಬಾರಿಸ್ತಿದ್ದ ಹಿರಿಯರದು. ನೀವು ಬರದೆ ನಾನು ಪೆಟ್ಟಿಗೆ ಮುಟ್ಟಲ್ಲ.’

‘ಬಾಯಿ ತೆರೆದು ನೋಡೋದು ನಿಮ್ಮ ಕೆಲಸ, ಹೊಟ್ಟೆ ತೆರೆದು ನೋಡೋದು ನನ್ನದು,’ ಎಂದಳು. ‘ಹಲ್ಲು ನೋಡೋ ಆ ಪುಟ್ಟ ಕನ್ನಡಿ ತನ್ನಿ. ಮೂಲೆಮುಡುಕು ನೋಡೋಕೆ ಬೇಕಾಗುತ್ತೆ.’

ಮನೆ ಲಾಂಡ್ರಿಯೊಂದರ ಮೇಲೆ ಮೂರನೆಯ ಅಂತಸ್ತಿನಲ್ಲಿತ್ತು. ಮೆಟ್ಟಿಲ ತುಂಬ ಸೋಪಿನ ಹಬೆ. ಬಾಗಿಲು ತೆರೆದವಳು ವಾದ್ಯಗಾರರ ಮಗಳು, ಸಿಟಿ ಬಸ್ಸಿನ ಡ್ರೈವರು. ಮಧ್ಯಾಹ್ನದ ಪಾಳಿಗೆ ಹೊರಡಲು ಅರ್ಧ ಸಮವಸ್ತ್ರದಲ್ಲಿದ್ದಳು. ಒಳಗೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಪ್ಪ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಶೂ ಕೂಡ ಹಾಕಿಕೊಂಡು ಕಾದಿದ್ದರು. ಎಡಗೈ ಮಾತ್ರ ತೊಡೆಯ ಮೇಲೆ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದಿತ್ತಂತೆ.

‘ಬಾರಿಸೋಕೆ ಆಗದ ಮೇಲೆ ಮಂಚದ ಕೆಳಗೆ ಇಟ್ಕೊಂಡು ಏನು ಮಾಡ್ಲಿ ಹೇಳಿ,’ ಎಂದರು ವಾದ್ಯಗಾರರು. ‘ಮೂವತ್ತೊಂದು ವರ್ಷ ಜೊತೆಗಿತ್ತು. ಹಡಗಲ್ಲಿ ಬಿರುಗಾಳಿ ಬಂದಾಗ ಇದನ್ನ ತಬ್ಕೊಂಡು ಮಲಗಿದೀನಿ. ಇವಳಮ್ಮ ತಮಾಷೆ ಮಾಡೋಳು, ನನಗಿಂತ ಅದೇ ನಿಮಗೆ ಹೆಚ್ಚು ಅಂತ.’

‘ತಮಾಷೆ ಅಲ್ಲ ಅಪ್ಪ, ನಿಜವಾಗಿಯೇ ಹೇಳ್ತಿದ್ಲು,’ ಎಂದಳು ಮಗಳು ಬೂಟಿನ ದಾರ ಬಿಗಿಯುತ್ತ.

ತಂತಿಯಕ್ಕ ಟವೆಲ್ ಹಾಸಿದಳು. ಪೆಟ್ಟಿಗೆ ತೆರೆದೊಡನೆ ವಾಸನೆ ಸರಿ ಇತ್ತು. ಮೈಮೇಲಿನ ಮೆರುಗು ಒಣಗಿದ ಕೆರೆಯ ತಳದಂತೆ ನವಿರಾಗಿ ಬಿರುಕು ಬಿಟ್ಟಿತ್ತು, ಮುಂಗೈ ಒರಗುವ ಕಡೆ ಮರ ಕಾಣುವಷ್ಟು ಸವೆದಿತ್ತು. ಅಂಗಿಯ ಗುಂಡಿ ಉಜ್ಜಿ ಬೆನ್ನಿನಲ್ಲಿ ಒಂದು ಮಚ್ಚೆ. ಡಬ್ಬಿಯ ಅಂಕಿ, ಕುತ್ತಿಗೆಯ ಬುಡದ ತಾರೀಖು, ಎರಡೂ ಒಂದೇ ವರ್ಷ, ಹನ್ನೆರಡು ವಾರದ ಅಂತರ. ಬೆಸುಗೆಗಳು ಬೂದಿ ಬಣ್ಣ. ನೇರಳೆ ದೀಪಕ್ಕೆ ಒಂದು ಕಡೆಯೂ ಕಪ್ಪು ಕಾಣಲಿಲ್ಲ. ಡಾಕ್ಟರು ಪ್ರತಿ ಸಲವೂ ಅವಳ ಮುಖ ನೋಡುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು.

‘ಅಷ್ಟೆಲ್ಲ ನೋಡೋದೇ ಬೇಡಮ್ಮ,’ ಎಂದರು ವಾದ್ಯಗಾರರು, ಹೆಮ್ಮೆಯಿಂದಲೇ. ‘ಇದನ್ನ ಕೊಟ್ಟವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರು. ಕಾರ್ಖಾನೆ ಬಿಟ್ಟ ಮೇಲೆ ಇದರ ಹೊಟ್ಟೆ ಯಾರೂ ನೋಡಿಲ್ಲ ಅಂತ. ಎದೆ ಮೇಲೆ ಕೈ ಇಟ್ಟು ಹೇಳಿದ್ರು.’

ಎದೆಯ ಮೇಲೆ ಕೈ ಇಟ್ಟು ಹೇಳುವ ಮಾರಾಟಗಾರರು ಊರ ತುಂಬ ಇದ್ದರು. ತಂತಿಯಕ್ಕ ಅದನ್ನು ಕಿವಿಗೆ ಹಾಕಿಕೊಳ್ಳದೆ ಎರಡು ಪಿಕಪ್ಪುಗಳಲ್ಲಿ ಕುತ್ತಿಗೆಯ ಕಡೆ ಇರುವ ಮುಂದಿನದನ್ನು ನೋಡಿ ಮುಗಿಸಿದಳು. ಸರಿ ಇತ್ತು. ಹಿಂದಿನದಕ್ಕೆ ಮೀಟರ್ ಹಿಡಿದಳು, ಅದೂ ಸರಿಯಾದ ಅಂಕಿಯನ್ನೇ ತೋರಿಸಿತು. ಅಡಿಭಾಗ ನೋಡಲು ಡಾಕ್ಟರ ಕನ್ನಡಿ ಇಸಿದುಕೊಂಡು ಒಳಗೆ ತೂರಿಸಿದಳು.

ಸುರುಳಿ ಎಡಗಡೆಗೆ ಒಂದು ಎಳೆಯಷ್ಟು ಉಬ್ಬಿತ್ತು. ಮೇಣ ಹಿಡಿದ ಹತ್ತಿ ದಾರದ ಕೊನೆಯನ್ನು ಎರಡು ಸುತ್ತು ಹಾಕಿ ಒಳಗೆ ಸಿಕ್ಕಿಸಲಾಗಿತ್ತು. ಚಿಕ್ಕಂದಿನಲ್ಲಿ ಅಮ್ಮ ಜಡೆಯ ತುದಿಯನ್ನು ಕಟ್ಟುತ್ತಿದ್ದುದು ಹಾಗೆ. ಆ ಗಂಟನ್ನು ತಂತಿಯ ಕೆಲಸಕ್ಕೆ ತಂದವಳು ತಂತಿಯಕ್ಕ ಒಬ್ಬಳೇ.

ಮೊದಲು ಅವಳಿಗೆ ಬಂದದ್ದು ಹೆದರಿಕೆಯಲ್ಲ, ಹೆಮ್ಮೆ. ಇಷ್ಟು ವರ್ಷವಾದರೂ ಒಂದು ಸುತ್ತೂ ಸಡಿಲವಾಗಿಲ್ಲವಲ್ಲ ಎಂದುಕೊಂಡಳು. ಆಮೇಲೆ ಎದೆಯ ಮೇಲೆ ಕೈ ಇಟ್ಟು ಹೇಳಿದವರು ಯಾರೆಂದು ಹೊಳೆಯಿತು. ಕನ್ನಡಿಯ ಗಾಜು ಲೋಹಕ್ಕೆ ತಾಗಿ ಟಿಕ್ಕೆಂದು ಸದ್ದಾಯಿತು.

‘ಏನಕ್ಕ?’ ಎಂದರು ಡಾಕ್ಟರು.

‘ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?’

ಮಗಳು ನೀರು ತಂದುಕೊಟ್ಟಳು. ತಂತಿಯಕ್ಕ ಕುಡಿದು, ಕಳಚಿದ್ದನ್ನೆಲ್ಲ ಒಂದೊಂದಾಗಿ ಜೋಡಿಸಿ, ತಂತಿಗಳನ್ನು ಬಿಗಿದಳು. ‘ಇವತ್ತು ಹೇಳೋಕಾಗಲ್ಲ. ನಾಳೆ ಹೇಳ್ತೀನಿ,’ ಎಂದಳು. ಅವಳು ಹಾಗೆ ಅಂದದ್ದು ಅದೇ ಮೊದಲು.

ಬಸ್ಸಿಗೆ ಕಾಯದೆ ನಡೆದೇ ಅಂಗಡಿಯ ಕಡೆ ಹೊರಟಳು. ಕಾಲು ನಡೆಯುತ್ತಿತ್ತು, ತಲೆಯಲ್ಲಿ ಆ ಹಿಂಬದಿಯ ಕೋಣೆಯೇ ತುಂಬಿಕೊಂಡಿತ್ತು.

ಮದುವೆಯಾದ ಕೆಲವು ವರ್ಷಕ್ಕೆ, ರೇಡಿಯೋ ಕಾರ್ಖಾನೆ ಮುಚ್ಚಿ ಗುಜರಿ ಮಾರಿದಾಗ, ಗಂಡ ಅಲ್ಲಿಂದ ಹಳೆಯ ತಂತಿಯ ಒಂದು ದೊಡ್ಡ ಉರುಳೆ ತಂದಿದ್ದ. ಈಗಿನ ತಂತಿಯಂತೆ ಕೆಂಪಗಲ್ಲ, ಹಳೆಯ ಗಿಟಾರುಗಳ ಒಳಗಿರುವಂತೆ ಕಂದು ಮಿಶ್ರಿತ ನೇರಳೆ ಬಣ್ಣ. ‘ಇದರಲ್ಲೇ ಸುತ್ತು,’ ಎಂದ. ದಾರವನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸು ಎಂದ. ಹಳೆಯ ಮೇಣವನ್ನೇ ಕರಗಿಸಿ ಹಚ್ಚು ಎಂದ. ಮೇಲಿನ ಬೆಸುಗೆ ಮುಟ್ಟದೆ ಪಿಕಪ್ಪಿನ ಅಡಿಯಲ್ಲಿ ಮಾತ್ರ ಬಿಚ್ಚಿ ಕೂರಿಸುವ ಉಪಾಯವೂ ಅವನದೇ. ಹರಿದ ಬಟ್ಟೆಗೆ ಅದೇ ಬಣ್ಣದ ದಾರ ಹುಡುಕಿ ಹೊಲಿದಂತೆ ಎಂದು ಅವಳು ತಿಳಿದಿದ್ದಳು. ಒಂದು ಮಧ್ಯಾಹ್ನ ಪರದೆಯ ಆಚೆಯಿಂದ ಅವನ ದನಿ ಕೇಳಿಸಿತು: ‘ಕಾರ್ಖಾನೆ ಬಿಟ್ಟ ಮೇಲೆ ಇದರ ಹೊಟ್ಟೆ ಯಾರೂ ನೋಡಿಲ್ಲ ಸ್ವಾಮಿ.’ ಹಿಂದಿನ ವಾರವಷ್ಟೇ ಅವಳು ಸುತ್ತಿಕೊಟ್ಟ ಗಿಟಾರು ಅದು.

ಗಿರಾಕಿ ಹೋದ ಮೇಲೆ ಕೇಳಿದಳು. ಗಂಡ ನಕ್ಕ. ‘ಸತ್ತು ಬಿದ್ದಿದ್ದಕ್ಕೆ ನೀನು ಜೀವ ಕೊಟ್ಟೆ. ಅವನಿಗೂ ಸಂತೋಷ, ನಮಗೂ ಸಂತೋಷ. ಯಾರಿಗೆ ಏನು ಹೋಯ್ತು ಹೇಳು?’

ಮುಂದಿನ ವಾರ ಇನ್ನೊಂದು ಸತ್ತ ಪಿಕಪ್ ಬಂತು, ಅದನ್ನೂ ಸುತ್ತಿದಳು. ಐದು ವರ್ಷದಲ್ಲಿ ಹದಿನಾಲ್ಕೋ ಹದಿನೈದೋ. ಆಮೇಲೆ ಅಗ್ಗದ ಹೊಸ ವಾದ್ಯಗಳು ಬಂದು ಹಳೆಯದನ್ನು ಕೇಳುವವರೇ ಇಲ್ಲವಾದಾಗ ಅದು ತಾನಾಗಿ ನಿಂತಿತು. ಗಂಡ ಹೋದ ಮೇಲೆ ಕಾಲ ತಿರುಗಿ ಹಳೆಯದಕ್ಕೆ ಮತ್ತೆ ಬೆಲೆ ಬಂತು, ಜನ ಅವಳನ್ನು ಹುಡುಕಿಕೊಂಡು ಬಂದರು. ಬೆಸುಗೆಯ ಬಣ್ಣ, ದಾರದ ಕಲೆ, ಮೇಣದ ವಯಸ್ಸು ಇವೆಲ್ಲ ಅವಳ ಕಣ್ಣಿಗೆ ಹೇಗೆ ಬೀಳುತ್ತವೆ ಎಂದು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ತಾನು ಸುತ್ತಿದ ಒಂದೂ ಎದುರಾಗದೆ ಇದ್ದಾಗ, ಅವೆಲ್ಲ ಮುರಿದು ಮಣ್ಣಾಗಿರಬೇಕು ಎಂದು ಅವಳೇ ತನಗೆ ಸಮಾಧಾನ ಹೇಳಿಕೊಂಡಿದ್ದಳು.

ಅಂಗಡಿಯಲ್ಲಿ ಮೈದುನ ಒಬ್ಬನೇ ಇದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ತಿಳಿಯದವನೇನಲ್ಲ. ಆಗ ಇಪ್ಪತ್ತರ ಹುಡುಗ, ಅಂಗಡಿಯಲ್ಲೇ ಓಡಾಡಿಕೊಂಡಿದ್ದವನು.

‘ಅತ್ತಿಗೆ, ಅಣ್ಣ ಹೋಗಿ ಹನ್ನೊಂದು ವರ್ಷ ಆಯ್ತು,’ ಎಂದ. ‘ಈಗ ಅವನನ್ನ ಎಬ್ಬಿಸಿ ನಾಲ್ಕು ಜನರ ಮುಂದೆ ನಿಲ್ಲಿಸ್ತೀರಾ?’

‘ಅವರೊಬ್ಬರನ್ನೇ ಅಲ್ಲಪ್ಪ. ಸುತ್ತಿದ್ದು ನಾನು.’

‘ನೀವು ಸುಮ್ಮನಿದ್ರೆ ಭೂಮಿ ಮೇಲೆ ಒಬ್ಬರಿಗೂ ಗೊತ್ತಾಗಲ್ಲ. ಆ ಹಿರಿಯರಿಗೂ ನೆಮ್ಮದಿ, ಡಾಕ್ಟರಿಗೂ ನೆಮ್ಮದಿ. ಹೇಳಿದ್ರೆ ಯಾರಿಗೆ ಒಳ್ಳೇದು?’

‘ನಿಮ್ಮಣ್ಣನೂ ಹೀಗೇ ಕೇಳಿದ್ರು,’ ಎಂದಳು. ‘ನಾಳೆ ಡಾಕ್ಟರು ನನ್ನ ಮುಖ ನೋಡಿ “ಸರಿ ಇದೆಯಾ ಅಕ್ಕ” ಅಂತಾರೆ. ಏನಂತ ಹೇಳ್ಲಿ? ನೀನೇ ಒಂದು ಮಾತು ಹೇಳ್ಕೊಡು, ಅದನ್ನೇ ಹೇಳ್ತೀನಿ,’ ಎಂದಳು.

ಅವನು ಎದ್ದು ಗಾಜಿನ ಬೀರುವನ್ನು ಒರೆಸತೊಡಗಿದ. ಅದು ಆಗಲೇ ಚೊಕ್ಕವಾಗಿತ್ತು.

ಮಾರನೆಯ ಬೆಳಿಗ್ಗೆ ಅವಳು ಡಾಕ್ಟರಿಗೆ ಫೋನು ಮಾಡಲಿಲ್ಲ. ಮೋಸ ಹೋದವರಿಗೆ ಮೊದಲು ತಿಳಿಯಬೇಕು ಎನ್ನಿಸಿ ಒಬ್ಬಳೇ ಲಾಂಡ್ರಿಯ ಮೆಟ್ಟಿಲು ಹತ್ತಿದಳು.

ವಾದ್ಯಗಾರರು ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು. ಹಿಂದಿನ ಪಿಕಪ್ ಗಿಟಾರ್ ಕಾರ್ಖಾನೆಯದಲ್ಲ, ನನ್ನ ಕೈಯದು, ನಿಮಗೆ ಮಾರಿದವರು ನನ್ನ ಯಜಮಾನರು, ಅವರು ಹಾಗೆ ಮಾರುತ್ತಾರೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುತ್ತಿಕೊಟ್ಟೆ. ಇಷ್ಟನ್ನು ಹೇಳಿ ಮುಗಿಸಿ ಕೈ ಕಟ್ಟಿಕೊಂಡು ನಿಂತಳು. ಕೂರಿ ಎಂದು ಯಾರೂ ಹೇಳಲಿಲ್ಲ.

‘ಮುಂದಿನ ಪಿಕಪ್ಪು?’ ಎಂದರು ವಾದ್ಯಗಾರರು.

‘ಅದು ಕಾರ್ಖಾನೆಯದೇ. ಉಳಿದಿದ್ದೆಲ್ಲ ಕಾರ್ಖಾನೆಯದೇ.’

‘ನಾನು ಹೆಚ್ಚು ಬಾರಿಸ್ತಿದ್ದಿದ್ದು ಹಿಂದಿನದರಲ್ಲಿ.’ ವಾದ್ಯಗಾರರು ಕಿಟಕಿಯ ಕಡೆ ನೋಡುತ್ತಿದ್ದರು. ‘ಹಡಗಿನಲ್ಲಿ ಬೇರೆ ಬೇರೆ ದೇಶದ ವಾದ್ಯಗಾರರು ಬಂದು ಕೇಳೋರು, ಇದು ಯಾಕೆ ಹೀಗೆ ನುಡಿಯುತ್ತೆ ಅಂತ. ನಾನು ಏನು ಹೇಳ್ತಿದ್ದೆ ಗೊತ್ತಾ? ಯಾರೂ ಕೈ ಹಾಕದೆ ಇರೋದು, ಅದಕ್ಕೇ ಹೀಗೆ ಅಂತ. ಮೂವತ್ತೊಂದು ವರ್ಷ ಹೇಳಿದೀನಿ.’

‘ಒಳಗಿನ ತಂತಿ ತುಂಡಾಗಿತ್ತು. ಸುತ್ತದೇ ಇದ್ದಿದ್ರೆ ಅದು ನುಡೀತಿರಲಿಲ್ಲ,’ ಎಂದಳು ತಂತಿಯಕ್ಕ. ಹೇಳಿದ ಮರುಕ್ಷಣವೇ ಹೇಳಬಾರದಿತ್ತು ಎನ್ನಿಸಿತು.

‘ಹಾಗಂತ ನಿಮಗೆ ಕೃತಜ್ಞತೆ ಹೇಳ್ಬೇಕಾ ನಾವು?’ ಬಾಗಿಲ ಬಳಿಯಿಂದ ಮಗಳು ಸಿಡಿದಳು. ‘ನಮ್ಮಪ್ಪನಿಗೆ ಈಗ ಉಳಿದಿರೋದೇ ನೆನಪು. ಅದನ್ನೂ ಕಿತ್ಕೊಂಡು ಹೋಗೋಕೆ ಬೆಳಿಗ್ಗೆ ಬೆಳಿಗ್ಗೆ ಬಂದ್ರಾ? ಸುಮ್ಮನೆ ಇದ್ದಿದ್ರೆ ಆಗ್ತಿರಲಿಲ್ವಾ?’

‘ಸುಮ್ಮನೆ ಇದ್ದಿದ್ರೆ ಇವತ್ತು ನಾನೇ ಮತ್ತೊಮ್ಮೆ ಮಾರಿದ ಹಾಗೆ ಆಗ್ತಿತ್ತಮ್ಮ,’ ಎಂದಳು ತಂತಿಯಕ್ಕ.

‘ಅವರನ್ನ ಬೈಬೇಡ,’ ಎಂದರು ವಾದ್ಯಗಾರರು, ಆದರೆ ಅದರಲ್ಲಿ ಕನಿಕರವಿರಲಿಲ್ಲ. ಮೇಜಿನ ಖಾನೆಯಿಂದ ಬಿಳಿ ಹಾಳೆ ತರಿಸಿದರು. ‘ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ. ನಿಮ್ಮ ಯಜಮಾನ್ರು ಬಾಯಲ್ಲಿ ಹೇಳಿದ್ರು, ನಾನು ನಂಬಿದೆ. ನೀವು ಕಾಗದದಲ್ಲಿ ಕೊಡಿ.’

ಅವಳು ಊಟದ ಮೇಜಿನ ತುದಿಗೆ ಕೂತು ಎಡಗೈಯಲ್ಲಿ ಬರೆದಳು. ಸುತ್ತಿದ ವರ್ಷ, ತಂತಿಯ ಬಗೆ, ಗಂಟು, ಅಂಗಡಿಯ ವಿಳಾಸ. ‘ಮೋಸ’ ಎಂಬ ಪದ ಬರೆಯುವಾಗ ಪೆನ್ನು ನಿಂತಿತು. ‘ತಪ್ಪು’ ಎಂದು ಬರೆಯೋಣವೇ ಎಂದು ಯೋಚಿಸಿದಳು. ಆಮೇಲೆ ‘ಮೋಸ’ ಎಂದೇ ಬರೆದು ಸಹಿ ಹಾಕಿದಳು. ವಾದ್ಯಗಾರರು ಎರಡು ಸಲ ಓದಿ, ಮಡಿಸಿ, ಗಿಟಾರಿನ ಪೆಟ್ಟಿಗೆಯೊಳಗೆ ತಂತಿ ಇಡುವ ಪುಟ್ಟ ಖಾನೆಯಲ್ಲಿಟ್ಟರು. ಅವಳು ಹೊರಡುವಾಗ ತಲೆ ಎತ್ತಿ ನೋಡಲಿಲ್ಲ. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಅವಳೊಡನೆ ಮಾತಾಡಲಿಲ್ಲ.

ಡಾಕ್ಟರು ಎಲ್ಲ ಕೇಳಿ, ‘ನನ್ನ ಹತ್ತಿರ ಇರೋ ಇನ್ನೊಂದು?’ ಎಂದರು. ಆ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ನಾಟಿತು. ಅಂದೇ ಅವರ ಮನೆಗೆ ಹೋಗಿ ಅದನ್ನೂ ಬಿಚ್ಚಿ, ಸುರುಳಿಯನ್ನು ಅವರ ಕಣ್ಣಿಗೇ ತೋರಿಸಿದಳು. ಅದು ಬಲಗೈಯವರು ಸುತ್ತಿದ್ದು, ಕಾರ್ಖಾನೆಯದು. ಡಾಕ್ಟರು ಉಸಿರು ಬಿಟ್ಟರು. ‘ಕಟ್ಟಿಸಿದ ಹಲ್ಲಲ್ಲೂ ಊಟ ಮಾಡಬಹುದು ಅಕ್ಕ. ಹುಟ್ಟಿದ ಹಲ್ಲು ಅಂತ ಹೇಳಬಾರದು, ಅಷ್ಟೇ,’ ಎಂದರು. ಹದಿನೈದು ದಿನ ಯೋಚಿಸಿ, ಆ ಕಾಗದದ ಸಮೇತ, ಅದಕ್ಕೆ ತಕ್ಕ ಬೆಲೆಗೆ ವಾದ್ಯಗಾರರ ಗಿಟಾರನ್ನು ಕೊಂಡರು.

ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ‘ಇನ್ನೆಷ್ಟಕ್ಕೆ ಸರಿ ಇದೆ ಅಂದಿದಾಳೋ’ ಎಂದರು ಕೆಲವರು. ಹಿಂದೆ ಅವಳ ಮಾತಿನ ಮೇಲೆ ಕೊಂಡವರು ಒಬ್ಬೊಬ್ಬರಾಗಿ ಗಿಟಾರು ಹೊತ್ತು ತಂದರು. ಎಲ್ಲರದನ್ನೂ ಅವಳು ಮತ್ತೆ ಬಿಚ್ಚಿ ತೋರಿಸಿದಳು. ವರ್ಷವಿಡೀ ಹೊಸಬರು ಪರೀಕ್ಷೆಗೆಂದು ಕರೆಯಲಿಲ್ಲ. ಅಂಗಡಿಗೂ ಜನ ಕಡಿಮೆಯಾದರು. ಮೈದುನ ಅಣ್ಣನ ಫೋಟೋವನ್ನು ಗೋಡೆಯಿಂದ ಇಳಿಸಿ ಮನೆಗೆ ಒಯ್ದ. ‘ಇಲ್ಲಿದ್ರೆ ಬಂದವರೆಲ್ಲ ಅದನ್ನೇ ನೋಡ್ತಾರೆ’ ಎಂದಷ್ಟೇ ಹೇಳಿದ. ಅಲ್ಲಿಂದಾಚೆ ಅತ್ತಿಗೆಯೊಡನೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಾಡಲಿಲ್ಲ. ಟೀ ಲೋಟ ಪರದೆಯ ಈಚೆ ಇಟ್ಟು ಹೋಗುತ್ತಿದ್ದ.

ಅವಳು ಗಂಡನ ಮೇಲೆ ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಜ್ವರ ಬಂದಾಗ ರಾತ್ರಿಯೆಲ್ಲ ತಲೆಯ ಬಳಿ ಕೂತವನು, ಕೆಲಸ ಹೋದಾಗ ‘ನಿನ್ನ ಕೈ ಇರೋವಾಗ ನನಗೇನು ಭಯ’ ಎಂದವನು. ಅವನೂ ಅವನೇ, ಎದೆಯ ಮೇಲೆ ಕೈ ಇಟ್ಟು ಸುಳ್ಳು ಹೇಳಿದವನೂ ಅವನೇ. ಎರಡನ್ನೂ ಒಂದೇ ಮುಖದಲ್ಲಿ ನೋಡುವುದು ಅಭ್ಯಾಸವಾಗಲು ಅವಳಿಗೆ ಕಾಲ ಹಿಡಿಯಿತು.

ಉಳಿದವನ್ನು ಹುಡುಕಲು ಹೊರಟಳು. ನೆನಪೇ ಆಧಾರ: ಯಾವ ಬಣ್ಣದ ಗಿಟಾರು, ಪರದೆಯ ಸಂದಿಯಿಂದ ಕಂಡ ಯಾವ ಮುಖ. ಹಳೆಯ ವಾದ್ಯಗಾರರನ್ನು ಕೇಳುತ್ತ, ಅವರು ಹೇಳಿದ ಮನೆಗಳ ಬಾಗಿಲು ತಟ್ಟುತ್ತ, ಮೂರು ವರ್ಷದಲ್ಲಿ ಐದು ಸಿಕ್ಕವು. ಒಬ್ಬ ಹೊಟ್ಟೆ ಹಿಡಿದು ನಕ್ಕು, ‘ನಾನು ಅದನ್ನ ಯಾವತ್ತೂ ಬಾರಿಸಿಯೇ ಇಲ್ಲಮ್ಮ, ಗೋಡೆಗೆ ಚೆಂದ ಅಂತ ತಗೊಂಡೆ’ ಎಂದ. ಒಬ್ಬ ಪೊಲೀಸರಿಗೆ ಹೇಳುತ್ತೇನೆಂದ, ಹೇಳಿದ. ಅವಳು ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂತು ಬಂದಳು. ಇನ್ನೊಬ್ಬ, ಶಾಲೆಯ ಸಂಗೀತದ ಮೇಷ್ಟ್ರು, ಬಾಗಿಲು ಹಾಕಿ ಕೈ ಮುಗಿದ. ಮುಂದಿನ ವಾರ ಅದನ್ನು ಮಾರುವುದಿತ್ತು, ಹೆಂಡತಿಯ ಚಿಕಿತ್ಸೆಗೆ.

‘ಒಂದು ವಾರ ಬಿಟ್ಟು ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ.’

ಅವಳು ವಾದ್ಯಗಾರರಿಗೆ ಕೊಟ್ಟಂಥದೇ ಹಾಳೆ ಬರೆದಿಟ್ಟೇ ಎದ್ದಳು. ‘ಕೊಳ್ಳೋವರಿಗೆ ತೋರಿಸೋದು ಬಿಡೋದು ನಿಮಗೆ ಸೇರಿದ್ದು ಮೇಷ್ಟ್ರೇ. ಅವರು ಪರೀಕ್ಷೆಗೆ ಅಂತ ನನ್ನ ಹತ್ತಿರ ಬಂದ್ರೆ ಮಾತ್ರ ನಾನು ಸುಳ್ಳು ಹೇಳಲ್ಲ,’ ಎಂದಳು. ಯಾರೂ ಬರಲಿಲ್ಲ. ಮೇಷ್ಟ್ರು ತೋರಿಸಿದರೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅದೊಂದು ಅವಳ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತು.

ಹಡಗಿನ ವಾದ್ಯಗಾರರು ತೀರಿಕೊಂಡ ವರ್ಷ, ಒಂದು ಬೆಳಿಗ್ಗೆ ಮೈದುನ ಪರದೆ ಸರಿಸಿ ಒಳಗೇ ಬಂದು ಎದುರು ಸ್ಟೂಲಿನ ಮೇಲೆ ಕೂತ.

‘ಅತ್ತಿಗೆ, ಹಸಿರು ಬಣ್ಣದ್ದು ಒಂದಿತ್ತು, ನೆನಪಿದೆಯಾ? ರೈಲ್ವೆ ಟಿಕೆಟ್ ಕಲೆಕ್ಟರ್ ಒಬ್ಬರು ತಗೊಂಡಿದ್ರು.’

‘ನೆನಪಿಲ್ದೆ ಏನು. ಹದಿನೈದರಲ್ಲಿ ಅದೂ ಒಂದು ಅಂತ ಇಟ್ಕೊಂಡಿದೀನಿ. ಖಾತ್ರಿ ಇಲ್ಲ.’

‘ಅವರ ಊರು ಗೊತ್ತಾಯ್ತು. ರೈಲಲ್ಲಿ ಐದು ಗಂಟೆ.’ ನೆಲ ನೋಡುತ್ತ ಸೇರಿಸಿದ, ‘ನಾನೂ ಬರ್ತೀನಿ. ಅಷ್ಟು ದೂರ ಒಬ್ಬರೇ ಹೋಗ್ಬೇಡಿ.’

ನಿವೃತ್ತ ಟಿಕೆಟ್ ಕಲೆಕ್ಟರರ ಮನೆಯಲ್ಲಿ ಗಿಟಾರು ಬೀರುವಿನ ಮೇಲೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕೂತಿತ್ತು. ತಂತಿಯಕ್ಕ ಬಂದ ಕಾರಣ ಹೇಳಿ, ಟವೆಲ್ ಹಾಸಿ, ಒಂದೊಂದೇ ಸ್ಕ್ರೂ ಕಳಚಿದಳು. ಮೈದುನ ಹತ್ತಿರ ಬರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವಳು ಮುಂದಿನದನ್ನು ನೋಡಿದಳು, ಹಿಂದಿನದನ್ನು ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸುರುಳಿ ಸಮವಾಗಿತ್ತು. ಅಡಿಯ ಬೆಸುಗೆಗಳನ್ನೂ ಯಾರೂ ಮುಟ್ಟಿರಲಿಲ್ಲ. ದಾರಕ್ಕೆ ಅವಳ ಗಂಟು ಇರಲಿಲ್ಲ.

‘ಇದು ನನ್ನ ಕೈಯದಲ್ಲ,’ ಎಂದಳು. ‘ಕಾರ್ಖಾನೆ ಬಿಟ್ಟ ಮೇಲೆ ಇದರ ಹೊಟ್ಟೆ ಯಾರೂ ನೋಡಿಲ್ಲ.’

‘ಅದನ್ನೇ ಅಲ್ವೇನಮ್ಮ ನಿಮ್ಮ ಯಜಮಾನ್ರು ಹೇಳಿದ್ದು?’ ಎಂದು ಟಿಕೆಟ್ ಕಲೆಕ್ಟರರು ಬೆರಗಾದರು. ‘ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?’

ವಾಪಸು ಹೋಗುವ ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಮೈದುನ ಎರಡು ಲೋಟ ಟೀ ತಂದು ಒಂದನ್ನು ಅವಳ ಕೈಗೆ ಕೊಟ್ಟ.

‘ಅಣ್ಣ ಇದನ್ನ ನಿಜ ಹೇಳಿಯೇ ಮಾರಿದ್ದ,’ ಎಂದ.

‘ಹೂಂ.’

‘ಎಲ್ಲವೂ ಹಾಗೇ ಇರಲಿಲ್ಲ, ಅಲ್ವಾ ಅತ್ತಿಗೆ?’

‘ಇಲ್ಲಪ್ಪ. ಎಲ್ಲವೂ ಹಾಗಿರಲಿಲ್ಲ.’

ಅವನು ಟೀ ಕುಡಿಯಲಿಲ್ಲ. ಐವತ್ತು ದಾಟಿದ ಆಳು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಓಡಾಡುವ ಜನರ ಪರಿವೆಯಿಲ್ಲದೆ ಅತ್ತ. ಅವಳು ಪಕ್ಕದಲ್ಲಿ ಕೂತಿದ್ದಳು. ರೈಲು ಬಂದಾಗ ಅವನು ಮುಖ ಒರೆಸಿಕೊಂಡು ಅವಳ ಸಾಮಾನಿನ ಚೀಲವನ್ನು ಹೆಗಲಿಗೇರಿಸಿ ಮೊದಲು ಹತ್ತಿದ, ಆಮೇಲೆ ಕೆಳಗೆ ಕೈ ಚಾಚಿ ಅವಳನ್ನು ಹತ್ತಿಸಿಕೊಂಡ.